ಹಳೇ ತಿಪ್ಪೆಯಲ್ಲಿ ಹಳೇ ಬಾಟಲಿ: ಮೊದಲು ಚೂರು ನೋಡಿ, ಆಮೇಲೆ ಸಲಿಕೆ ಹಿಡಿಯಿರಿ

ಹೋದ ವಾರ ಒಂದು ಹಳೇ ಕಸದ ಗುಂಡಿಯಲ್ಲಿ ಮೂರು ಗಂಟೆ ಅಗೆದೆ. ಇಡಿಯಾಗಿ ಸಿಕ್ಕಿದ್ದು ಒಂದೇ ಬಾಟಲಿ. ಕಿರುಬೆರಳಿನಷ್ಟು ಉದ್ದದ ಔಷಧಿ ಸೀಸೆ, ಅದರ ತುಂಬಾ ಕಪ್ಪು ಮಣ್ಣು. ಜೊತೆಗೆ ಒಂದು ಬಕೆಟ್ ತುಂಬಾ ಚೂರು. ಗಾಜಿನ ಚೂರು, ಪಿಂಗಾಣಿ ಚೂರು, ಒಂದು ದಪ್ಪ ಕಲ್ಲುಮಣ್ಣಿನ (ಕಲ್ಲಿನಷ್ಟು ಗಟ್ಟಿಯಾಗಿ ಸುಟ್ಟ ಮಣ್ಣು, ಸ್ಟೋನ್‌ವೇರ್) ಬಾಟಲಿಯ ಎರಡು ತುಂಡು. ಜೊತೆಗೆ ಬಂದಿದ್ದ ಹೊಸ ಗೆಳೆಯ "ಇಷ್ಟೇನಾ?" ಅಂದ. ನನಗೆ ಮಾತ್ರ ತುಂಬಾ ಖುಷಿಯಾಗಿತ್ತು. ಯಾಕೆ ಅಂತ ಅವನಿಗೆ ವಿವರಿಸಿ ಹೇಳುವಾಗಲೇ ಇದನ್ನು ಬರೆಯಬೇಕು ಅನ್ನಿಸಿತು.

ಹಳೇ ತಿಪ್ಪೆ ಅಗೆದು ಹಳೇ ಬಾಟಲಿ ಹುಡುಕುವ ಈ ಹವ್ಯಾಸಕ್ಕೆ ಹೊಸದಾಗಿ ಬಂದವರು ಎಲ್ಲರೂ ಒಂದು ತಪ್ಪು ಮಾಡುತ್ತಾರೆ, ನಾನೂ ಮಾಡಿದ್ದೆ. ಇಡೀ ಬಾಟಲಿ ಮೇಲೆ ಕಣ್ಣಿಟ್ಟು, ಒಡೆದದ್ದನ್ನೆಲ್ಲ ಹಿಂದಕ್ಕೆ ಎಸೆಯುತ್ತಾ ಹೋಗುತ್ತಾರೆ. ಆದರೆ ಆ ಜಾಗ ಯಾವ ಕಾಲದ್ದು, ಇನ್ನೂ ಆಳಕ್ಕೆ ಹೋಗಬೇಕಾ, ಪಕ್ಕಕ್ಕೆ ಸರಿಯಬೇಕಾ, ಇಲ್ಲಾ ಸುಮ್ನೆ ಗುಂಡಿ ಮುಚ್ಚಿ ಮನೆಗೆ ಹೋಗಬೇಕಾ, ಇದನ್ನೆಲ್ಲ ಹೇಳುವುದು ಆ ಒಡೆದ ಚೂರುಗಳೇ. ಒಂದು ಇಡೀ ಬಾಟಲಿ ಸಿಗುವ ಹೊತ್ತಿಗೆ ನೂರಾರು ಚೂರು ಕೈಗೆ ಬಂದಿರುತ್ತವೆ. ಅವನ್ನು ಓದಲು ಬಂದರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಜಾಗ ಹುಡುಕುವ ಮಾತು. ಕಸದ ಗಾಡಿ ಮನೆ ಬಾಗಿಲಿಗೆ ಬರುವ ಮುಂಚೆ ಜನ ಕಸವನ್ನು ಎಲ್ಲಿಗೆ ಎಸೆಯುತ್ತಿದ್ದರು ಅಂತ ಯೋಚಿಸಿ. ದೂರ ಹೊತ್ತುಕೊಂಡು ಹೋಗುವ ಉಸಾಬರಿ ಯಾರಿಗೂ ಬೇಡ. ಮನೆ ಹಿಂದಿನ ಇಳಿಜಾರು, ಹತ್ತಿರದ ಕೊರಕಲು, ಹೊಳೆ ದಂಡೆ, ಹೊಲದ ಅಂಚಿನ ಕಲ್ಲುಗೋಡೆಯ ಆಚೆ ಬದಿ, ಬತ್ತಿದ ಬಾವಿ. ಊರು ದೊಡ್ಡದಾದಾಗ ಇಟ್ಟಿಗೆಗೆ ಮಣ್ಣು ತೆಗೆದ ಹಳ್ಳಗಳನ್ನೂ, ಕಲ್ಲು ಕ್ವಾರಿಗಳನ್ನೂ ಕಸದಿಂದಲೇ ತುಂಬಿಸುತ್ತಿದ್ದರು. ಇಲ್ಲಿ ಹಳೇ ನಕ್ಷೆ ಬಹಳ ಉಪಯೋಗಕ್ಕೆ ಬರುತ್ತದೆ. ಒಂದೇ ಜಾಗದ ಎರಡು ಕಾಲದ ನಕ್ಷೆ ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿ ಹಳ್ಳ ಇದೆ, ಎರಡನೆಯದರಲ್ಲಿ ಅದು ಸಮತಟ್ಟಾಗಿದೆ ಅಂದರೆ ಏನೋ ತುಂಬಿಸಿದ್ದಾರೆ. ಅದು ಕಸವೇ ಆಗಿದ್ದರೆ ಆ ಎರಡು ಇಸವಿಗಳ ನಡುವಿನದು. ಅಗೆಯುವ ಮುಂಚೆಯೇ ಕಾಲ ಗೊತ್ತಾಯಿತು, ಅಲ್ವಾ?

ಜಾಗಕ್ಕೆ ಹೋದ ಮೇಲೆ ನೆಲ ನೋಡುತ್ತಾ ನಿಧಾನವಾಗಿ ನಡೆಯಿರಿ. ಇಲಿ, ಹೆಗ್ಗಣ, ಮೊಲ ಬಿಲ ತೋಡಿ ಹೊರಗೆ ತಳ್ಳಿದ ಮಣ್ಣನ್ನು ಬೆರಳಲ್ಲಿ ಕೆದಕಿ ನೋಡಿ. ಅದರಲ್ಲಿ ಬೂದಿ, ಕಲ್ಲಿದ್ದಲ ಕಿಟ್ಟ, ಹೂವಿನ ಚಿತ್ತಾರದ ಪಿಂಗಾಣಿ ಚೂರು, ತುಕ್ಕು ಹಿಡಿದ ತಗಡು ಇದ್ದರೆ ಕೆಳಗೆ ತಿಪ್ಪೆ ಇದೆ ಅಂತಲೇ ಅರ್ಥ. ಬಿದ್ದ ಮರದ ಬೇರು ಮೇಲೆದ್ದಿದ್ದರೆ ಆ ಬೇರಿನ ಮಣ್ಣನ್ನೂ ಬಿಡಬೇಡಿ. ಸುತ್ತಲೂ ಬಡಕಲು ಹುಲ್ಲಿದ್ದು ಒಂದು ಕಡೆ ಮಾತ್ರ ಕಳೆ ದಟ್ಟವಾಗಿ, ಕಡು ಹಸಿರಾಗಿ ಬೆಳೆದಿದ್ದರೆ ಅದೂ ಒಂದು ಸುಳಿವು. ಮೂಳೆ, ಅಡುಗೆಮನೆ ಕಸ ಕೊಳೆತ ಮಣ್ಣಲ್ಲಿ ಗೊಬ್ಬರದ ಅಂಶ ಎಷ್ಟೋ ವರ್ಷ ಉಳಿಯುತ್ತದೆ.

ಅನುಮತಿ ಇಲ್ಲದೆ ಒಂದು ಸಲಿಕೆ ಮಣ್ಣನ್ನೂ ಎತ್ತಬೇಡಿ. ಇದರಲ್ಲಿ ನಾನು ಕಟ್ಟುನಿಟ್ಟು. ಜಾಗದ ಮಾಲೀಕರನ್ನು ಹಗಲು ಹೊತ್ತಲ್ಲಿ ಹೋಗಿ ಕೇಳಿ. ಏನು ಮಾಡುತ್ತೀರಿ, ಗುಂಡಿಯನ್ನು ಹೇಗೆ ಮುಚ್ಚುತ್ತೀರಿ, ಸಿಕ್ಕಿದ್ದರಲ್ಲಿ ಯಾರಿಗೆ ಏನು ಅಂತ ಮೊದಲೇ ಮಾತಾಡಿ, ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ನೆಲದೊಳಗೆ ಕೇಬಲ್, ಗ್ಯಾಸ್ ಪೈಪ್ ಏನಾದರೂ ಹೋಗಿದೆಯಾ ಅಂತಲೂ ವಿಚಾರಿಸಿ. ಸಂರಕ್ಷಿತ ಸ್ಮಾರಕ, ಸ್ಮಶಾನ, ಸರ್ಕಾರಿ ಕಾಡು, ಇವುಗಳ ಹತ್ತಿರ ಹೋಗಲೇಬೇಡಿ. ನೂರು ವರ್ಷ ದಾಟಿದ ವಸ್ತುಗಳಿಗೆ ಪ್ರತ್ಯೇಕ ಕಾನೂನು ಇರುವ ದೇಶಗಳಿವೆ. ನಿಮ್ಮಲ್ಲಿ ಏನಿದೆ ಅಂತ ಮೊದಲೇ ತಿಳಿದುಕೊಳ್ಳಿ. ಅಗೆಯುವಾಗ ಕಟ್ಟಡದ ಅಡಿಪಾಯವೋ, ಮನುಷ್ಯರ ಮೂಳೆಯೋ ಕಂಡರೆ ಕೆಲಸ ಅಲ್ಲಿಗೇ ನಿಲ್ಲಿಸಿ, ಸಂಬಂಧಪಟ್ಟವರಿಗೆ ತಿಳಿಸಿ.

ಈಗ ಸಲಕರಣೆ. ಜಾಸ್ತಿ ಏನೂ ಬೇಡ. ಒಂದು ಸಲಿಕೆ, ನಾಲ್ಕು ಹಲ್ಲಿನ ತೋಟದ ಫೋರ್ಕ್, ಕಳೆ ಕೀಳುವ ಚಿಕ್ಕ ಕೈಗುದ್ದಲಿ, ಜರಡಿ, ಎರಡು ಬಕೆಟ್, ಮಣ್ಣು ಹಾಕಲು ಟಾರ್ಪಾಲು. ದಪ್ಪ ಚರ್ಮದ ಕೈಗವಸು, ಗಟ್ಟಿ ಅಡಿಯ ಬೂಟು, ಕಣ್ಣಿಗೆ ಕನ್ನಡಕ, ಈ ಮೂರು ಇಲ್ಲದೆ ಗುಂಡಿಗೆ ಇಳಿಯಬೇಡಿ. ಒಣ ಬೂದಿ ಹಾರುವ ಜಾಗದಲ್ಲಿ ಮಾಸ್ಕ್ ಕೂಡ ಬೇಕು. ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡು ಹತ್ತು ವರ್ಷ ಆಗಿದ್ದರೆ ಮೊದಲು ಅದನ್ನು ಮುಗಿಸಿ ಬನ್ನಿ. ಮಣ್ಣಲ್ಲಿ ಹೂತ ಗಾಜು ನೂರು ವರ್ಷ ಆದರೂ ಹರಿತ ಕಳೆದುಕೊಳ್ಳುವುದಿಲ್ಲ.

ಇವೆಲ್ಲದರ ಜೊತೆ ಒಂದು ಚುಚ್ಚುಕಡ್ಡಿ ಮಾಡಿಸಿಕೊಳ್ಳಿ. ನಾಲ್ಕು ಅಡಿ ಉದ್ದದ ತೆಳ್ಳಗಿನ ಸ್ಪ್ರಿಂಗ್ ಉಕ್ಕಿನ ಸರಳು, ಮೇಲೆ ಅಡ್ಡ ಹಿಡಿ, ತುದಿಯಲ್ಲಿ ಸರಳಿಗಿಂತ ಸ್ವಲ್ಪ ದಪ್ಪಗಿನ ಗುಂಡು. ಇದನ್ನು ನೆಲಕ್ಕೆ ಮೆಲ್ಲಗೆ ಒತ್ತುತ್ತಾ ಹೋಗಬೇಕು, ಕುಕ್ಕಬಾರದು. ಬೂದಿ ಪದರ ಬಂದರೆ ಕರಕರ ಅನ್ನುತ್ತದೆ. ಕಲ್ಲು ತಗುಲಿದರೆ ಅಂಗೈಗೆ ಠಕ್ ಅಂತ ಮಂದ ಏಟು. ಕಟ್ಟಿಗೆಯಾದರೆ ಕಡ್ಡಿ ಸ್ವಲ್ಪ ಹಿಂದಕ್ಕೆ ಪುಟಿಯುತ್ತದೆ. ಗಾಜು ಮಾತ್ರ ಬೇರೆ. ಸಣ್ಣ ಟಿಕ್ ಸದ್ದು, ನಯವಾಗಿ ಜಾರಿದ ಅನುಭವ. ಕೈಗೆ ಇದು ಅಭ್ಯಾಸ ಆಗಲು ನಾಲ್ಕೈದು ದಿನ ಬೇಕು, ಆಮೇಲೆ ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ. ಕೇಬಲ್ ಇರುವ ಅನುಮಾನ ಇದ್ದ ಕಡೆ ಮಾತ್ರ ಕಡ್ಡಿ ಚುಚ್ಚಲೇಬೇಡಿ.

ಮೊದಲು ಒಂದು ಪರೀಕ್ಷೆ ಗುಂಡಿ. ಎರಡಡಿ ಅಗಲ, ಎರಡಡಿ ಆಳ ಸಾಕು. ಮೇಲಿನ ಹುಲ್ಲುಪದರವನ್ನು ಚಾಪೆಯ ಹಾಗೆ ಇಡಿಯಾಗಿ ಎತ್ತಿ ಪಕ್ಕಕ್ಕಿಡಿ, ಮಣ್ಣನ್ನು ಟಾರ್ಪಾಲಿನ ಮೇಲೆ ಹಾಕಿ. ಈಗ ಚೂರು ಓದುವ ಕೆಲಸ ಶುರು.

ಪ್ಲಾಸ್ಟಿಕ್ ಬಂತಾ? ಆ ಪದರ ಹೊಸದು. ಅದರ ಕೆಳಗೆ ಹಳೆಯದು ಇರಬಹುದು, ಇಲ್ಲದೆಯೂ ಇರಬಹುದು. ಇನ್ನೊಂದು ಅಡಿ ನೋಡಿ, ಬ್ಯಾಟರಿ, ಪ್ಲಾಸ್ಟಿಕ್ ಬರುತ್ತಲೇ ಇದ್ದರೆ ಬಿಟ್ಟುಬಿಡಿ. ಆದರೆ ಬೂದಿ ಬಂದರೆ ಬಿಡಬೇಡಿ. ಕಲ್ಲಿದ್ದಲಿನ ಒಲೆ ಉರಿಸುತ್ತಿದ್ದ ಕಾಲದ ತಿಪ್ಪೆಗಳಲ್ಲಿ ಅರ್ಧಕ್ಕರ್ಧ ಬೂದಿಯೇ. ಬೂದಿ ಮೆತ್ತಗಿರುವುದರಿಂದ ಮೇಲಿಂದ ಎಸೆದ ಬಾಟಲಿ ಒಡೆಯದೆ ಉಳಿದಿರುತ್ತದೆ.

ಚೂರುಗಳಲ್ಲಿ ನಾನು ಮೊದಲು ಹುಡುಕುವುದು ಬಾಟಲಿಯ ಬಾಯಿ. ಹತ್ತು ಹೊಟ್ಟೆಚೂರಿಗಿಂತ ಒಂದು ಬಾಯಿಚೂರು ಮೇಲು. ಬಾಟಲಿಯ ಪಕ್ಕದಲ್ಲಿ ಅಚ್ಚಿನ ಎರಡು ಭಾಗ ಕೂಡಿದ ಕಡೆ ಒಂದು ಸಣ್ಣ ಗೆರೆ ಇರುತ್ತದೆ, ಉಗುರಿನಲ್ಲಿ ಎಳೆದರೆ ಸಿಗುತ್ತದೆ. ಕೊಳವೆಯಲ್ಲಿ ಬಾಯಿಂದ ಊದಿ ಅಚ್ಚಿಗೆ ಇಳಿಸುತ್ತಿದ್ದ ಕಾಲದಲ್ಲಿ ಬಾಯಿಯನ್ನು ಆಮೇಲೆ ಬೇರೆಯಾಗಿ ಇಕ್ಕಳದಂಥ ಉಪಕರಣದಿಂದ ತಿದ್ದಿ ಮುಗಿಸುತ್ತಿದ್ದರು. ಹಾಗಾಗಿ ಆ ಗೆರೆ ಕತ್ತಿನ ಹತ್ತಿರ ಬಂದು ಅಳಿಸಿಹೋಗುತ್ತದೆ. ಮೈಕೆಲ್ ಓವೆನ್ಸ್ ಎಂಬಾತ 1903ರ ಹೊತ್ತಿಗೆ ಅಮೆರಿಕದಲ್ಲಿ ಪೂರ್ತಿ ಸ್ವಯಂಚಾಲಿತ ಬಾಟಲಿ ಯಂತ್ರ ತಯಾರು ಮಾಡಿದ. ಯಂತ್ರದ ಬಾಟಲಿಯಲ್ಲಿ ಬಾಯಿಯೂ ಅಚ್ಚಿನಲ್ಲೇ ಆಗುವುದರಿಂದ ಗೆರೆ ಅಂಚಿನ ತನಕ ಹತ್ತಿ ಹೋಗುತ್ತದೆ. ಓವೆನ್ಸ್ ಯಂತ್ರದ್ದಾದರೆ ತಳದಲ್ಲಿ ಒಂದು ಒರಟು ವೃತ್ತದ ಗಾಯವೂ ಇರುತ್ತದೆ, ಸಾಮಾನ್ಯವಾಗಿ ನಟ್ಟನಡುವೆ ಇರದೆ ಒಂದು ಬದಿಗೆ ವಾಲಿರುತ್ತದೆ.

ಆದರೆ ಒಂದು ಎಚ್ಚರಿಕೆ. ಗೆರೆಯೇ ಇಲ್ಲದ ಬಾಟಲಿ ಸಿಕ್ಕ ಕೂಡಲೇ "ಇದು ಇನ್ನೂರು ವರ್ಷ ಹಳೆಯದು" ಅಂತ ತೀರ್ಮಾನ ಮಾಡಬೇಡಿ. ವೈನ್ ಬಾಟಲಿಗಳನ್ನು ಅಚ್ಚಿನೊಳಗೇ ಗಿರಗಿರನೆ ತಿರುಗಿಸಿ ಗೆರೆ ಅಳಿಸುತ್ತಿದ್ದರು. ಅವುಗಳನ್ನು ಬೆಳಕಿಗೆ ಹಿಡಿದು ನೋಡಿ, ಮೈಮೇಲೆ ಅಡ್ಡಡ್ಡ ಸಣ್ಣ ಗೀಚುಗಳು ಸುತ್ತು ಬಂದಿರುತ್ತವೆ. ಅಂಥವು ಹೆಚ್ಚಾಗಿ 19ನೇ ಶತಮಾನದ ಕೊನೆ ಮತ್ತು 20ನೇ ಶತಮಾನದ ಆರಂಭದವು. ನಿಜವಾಗಿ ಹಳೆಯದಾದರೆ ತಳ ನೋಡಿ. ಬಾಯಿ ತಿದ್ದುವಾಗ ಬಾಟಲಿಯನ್ನು ಹಿಡಿದುಕೊಳ್ಳಲು ತಳಕ್ಕೆ ಒಂದು ಕಬ್ಬಿಣದ ಸರಳನ್ನು ಬಿಸಿ ಗಾಜಿನಿಂದ ಅಂಟಿಸಿ, ಆಮೇಲೆ ಮುರಿಯುತ್ತಿದ್ದರು. ಮುರಿದ ಜಾಗ ಒರಟಾಗಿ, ಕೈಗೆ ಚುಚ್ಚುವ ಹಾಗೆ ಉಳಿಯುತ್ತದೆ. ಸಾಮಾನ್ಯ ಬಾಟಲಿಗಳಲ್ಲಿ 1860ರ ದಶಕದ ನಂತರ ಈ ಗುರುತು ಕಡಿಮೆಯಾಗುತ್ತಾ ಹೋಯಿತು. ಅಂಥ ತಳದ ಒಂದೇ ಒಂದು ಚೂರು ಸಿಕ್ಕರೂ ಸಾಕು, ನಾನು ಆ ದಿನ ಪೂರ್ತಿ ಅಲ್ಲೇ ಇರುತ್ತೇನೆ.

ಬಾಯಿಯ ಆಕಾರವೂ ಇಸವಿ ಹೇಳುತ್ತದೆ. ಸೋಡಾ ಬಾಟಲಿಗಳಿಗೆ ಈಗಲೂ ಹಾಕುವ ಸುಕ್ಕು ಅಂಚಿನ ತಗಡಿನ ಬಿರಡೆಗೆ ವಿಲಿಯಂ ಪೇಂಟರ್ ಪೇಟೆಂಟ್ ಪಡೆದದ್ದು 1892ರಲ್ಲಿ. ಆ ಬಿರಡೆ ಕೂರುವ ಬಾಯಿ ಸಿಕ್ಕರೆ ಅದಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ. ಗೋಲಿ ಸೋಡಾ ಬಾಟಲಿ ಹಿರಾಮ್ ಕಾಡ್ ಎಂಬಾತನ ಹೆಸರಲ್ಲಿ 1872ರ ಪೇಟೆಂಟ್. ಕತ್ತಿನಲ್ಲಿ ಚಿವುಟಿದ ಹಾಗಿರುವ ಎರಡು ತಗ್ಗು ಕಂಡರೆ ಅದೇ. ಇದು ಇಡಿಯಾಗಿ ಸಿಗುವುದು ಕಷ್ಟ, ಒಳಗಿನ ಗೋಲಿ ಬೇಕು ಅಂತ ಮಕ್ಕಳು ಒಡೆದಿರುತ್ತಾರೆ. ಅದಕ್ಕಿಂತ ಮುಂಚಿನ ಸೋಡಾ ಬಾಟಲಿ ಮೊಟ್ಟೆಯ ಹಾಗೆ ತಳ ಚೂಪಾದದ್ದು, ನೆಟ್ಟಗೆ ನಿಲ್ಲುವುದೇ ಇಲ್ಲ. ಅಡ್ಡ ಮಲಗಿಸಿದರೆ ಕಾರ್ಕ್ ಒದ್ದೆಯಾಗೇ ಇದ್ದು, ಒಳಗಿನ ಗ್ಯಾಸ್ ಸೋರುವುದಿಲ್ಲ ಅನ್ನುವ ಲೆಕ್ಕ. ಎಷ್ಟು ಸರಳ ಉಪಾಯ ನೋಡಿ!

ಗಾಜಿನ ಮೇಲೆ ಬರೆದ ಇಸವಿಯನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಜಾನ್ ಮೇಸನ್ ತಿರುಪು ಮುಚ್ಚಳದ ಜಾಡಿಗೆ 1858ರ ನವೆಂಬರ್ 30ರಂದು ಪೇಟೆಂಟ್ ಪಡೆದ. ಆ ತಾರೀಖನ್ನೇ ಜಾಡಿಯ ಮೇಲೆ ಉಬ್ಬಕ್ಷರದಲ್ಲಿ ಹಾಕಿ ಮುಂದೆ ದಶಕಗಟ್ಟಲೆ ಮಾರಿದರು. ತಾರೀಖು ಪೇಟೆಂಟಿನದು, ಜಾಡಿ ಎಷ್ಟೋ ವರ್ಷ ಆಮೇಲಿನದು. ಇದಕ್ಕೆ ವಿರುದ್ಧವಾಗಿ ಕೆಲವು ಬರಹ ಗಡಿಯಾರದಷ್ಟು ಕರಾರುವಾಕ್ಕು. ಈ ಬಾಟಲಿಯ ಮರುಬಳಕೆ, ಮಾರಾಟ ನಿಷಿದ್ಧ ಅಂತ ಅಮೆರಿಕದ ಮದ್ಯದ ಬಾಟಲಿಗಳ ಮೇಲೆ ಉಬ್ಬಕ್ಷರದಲ್ಲಿ ಇರುತ್ತದಲ್ಲ, ಅದು 1935ರಿಂದ 1964ರವರೆಗಿನ ಕಾನೂನು.

ಬಣ್ಣದ ಬಗ್ಗೆ ಒಂದೇ ಮಾತು. ತಿಳಿ ನೇರಳೆ ಬಣ್ಣದ ಚೂರು ಮೇಲೆಯೇ ಬಿದ್ದಿದ್ದರೆ ಎತ್ತಿ ನೋಡಿ. ಗಾಜಿನ ಹಸಿರು ಛಾಯೆ ಹೋಗಲಿ ಅಂತ ಹಾಕುತ್ತಿದ್ದ ಮ್ಯಾಂಗನೀಸ್ ಬಿಸಿಲಿಗೆ ವರ್ಷಗಟ್ಟಲೆ ಒಡ್ಡಿಕೊಂಡರೆ ನೇರಳೆಗೆ ತಿರುಗುತ್ತದೆ. ಅಂಥ ಗಾಜು ಹೆಚ್ಚಾಗಿ ಮೊದಲ ಮಹಾಯುದ್ಧಕ್ಕಿಂತ ಹಿಂದಿನದು. ಕಡು ನೇರಳೆ ಬಾಟಲಿ ಯಾರಾದರೂ ಮಾರಲು ತಂದರೆ ಅನುಮಾನ ಪಡಿ, ಯಂತ್ರದ ಕಿರಣಕ್ಕೆ ಒಡ್ಡಿ ಬಣ್ಣ ಬರಿಸುವವರಿದ್ದಾರೆ.

ಕಾಲ ಗೊತ್ತಾಯಿತು, ಈಗ ದಿಕ್ಕು. ಪರೀಕ್ಷೆ ಗುಂಡಿಯ ಗೋಡೆಯನ್ನು ಕೈಗುದ್ದಲಿಯಿಂದ ನೀಟಾಗಿ ಕೆರೆದು ನಿಂತು ನೋಡಿ. ಬೂದಿ, ಮಣ್ಣು, ತುಕ್ಕು ಒಂದರ ಮೇಲೊಂದು ಪಟ್ಟೆಯಾಗಿ ಕಾಣುತ್ತವೆ. ಆ ಪಟ್ಟೆಗಳು ಯಾವ ಕಡೆಗೆ ವಾಲಿವೆಯೋ ಆ ಕಡೆಗೆ ಕಸ ಉರುಳಿದೆ. ಮೇಲಿಂದ ಸುರಿದ ತಿಪ್ಪೆಯಲ್ಲಿ ಭಾರದ್ದು, ದುಂಡಗಿನದ್ದು ಕೆಳಕ್ಕೆ ಉರುಳಿ ಇಳಿಜಾರಿನ ಬುಡ ಸೇರುತ್ತದೆ. ಬಾಟಲಿಗಿಂತ ದುಂಡಗಿನದು ಏನಿದೆ? ನಾನು ಮೊದಲ ವರ್ಷಪೂರ್ತಿ ತಿಪ್ಪೆಯ ನೆತ್ತಿಯಲ್ಲೇ ಅಗೆದೆ. ಬುಡಕ್ಕೆ ಇಳಿದ ಮೊದಲ ದಿನವೇ ಆರು ಬಾಟಲಿ ಸಿಕ್ಕಿತು.

ಗಾಜು ಕಂಡ ಕೂಡಲೇ ಸಲಿಕೆ ದೂರ ಇಡಿ. ಈ ಪಾಠ ನನಗೆ ದುಬಾರಿಯಾಗಿತ್ತು. ಶುರುವಿನ ದಿನಗಳಲ್ಲಿ ಒಮ್ಮೆ ಬೂದಿಯೊಳಗೆ ಸಲಿಕೆ ಇಳಿಸಿದಾಗ ಚಿಲ್ ಅಂತ ಸದ್ದಾಯಿತು. ಕೆದಕಿದರೆ ಕಡು ನೀಲಿ ಗಾಜು, ಆರು ಮೂಲೆಯ ವಿಷದ ಬಾಟಲಿ, ನಡುವಿಗೆ ಎರಡು ಹೋಳಾಗಿತ್ತು. ಒಡೆದ ಅಂಚು ಹೊಳೆಯುತ್ತಿತ್ತು. ಅಷ್ಟು ವರ್ಷ ಮಣ್ಣಲ್ಲಿ ಇಡಿಯಾಗಿದ್ದದ್ದು ನನ್ನ ಕೈಯಲ್ಲಿ ಹೋಯಿತಲ್ಲ ಅಂತ ಆ ದಿನ ಮತ್ತೆ ಅಗೆಯಲು ಮನಸ್ಸೇ ಬರಲಿಲ್ಲ. ಎರಡು ವರ್ಷ ಆದ ಮೇಲೆ ಬೇರೆ ಕಡೆ ಅದೇ ನೀಲಿ ಮತ್ತೆ ಕಂಡಿತು, ಉಗುರಿನಷ್ಟೇ ಅಗಲ. ಈ ಸಲ ಬಿದಿರಿನ ಚಪ್ಪಟೆ ಕಡ್ಡಿಯಲ್ಲಿ ಸುತ್ತಲಿನ ಮಣ್ಣನ್ನು ಬಿಡಿಸುತ್ತಾ ಕೂತೆ. ಮೊದಲು ಭುಜ, ಆಮೇಲೆ ಪಕ್ಕದ ಉದ್ದುದ್ದ ಏಣುಗಳು. ಮಬ್ಬುಗತ್ತಲಲ್ಲಿ ಔಷಧಿ ಅಂತ ತಿಳಿದು ಯಾರೂ ಎತ್ತಿ ಕುಡಿಯದಿರಲಿ, ಬೆರಳಿಗೇ ವಿಷ ಅಂತ ಗೊತ್ತಾಗಲಿ ಅಂತ ಇಟ್ಟ ಏಣು ಅವು. ಮಣ್ಣಿನಲ್ಲಿ ಅರ್ಧ ಹೂತಿದ್ದ ಅದನ್ನು ಬೆರಳಲ್ಲಿ ಸವರಿದಾಗ ಆ ಏಣು ಈಗಲೂ ತನ್ನ ಕೆಲಸ ಮಾಡುತ್ತಿದೆ ಅನ್ನಿಸಿತು. 'ನಾಟ್ ಟು ಬಿ ಟೇಕನ್', ಅಂದರೆ ಸೇವಿಸಬಾರದು ಅನ್ನುವ ಅಕ್ಷರ ಒಂದೊಂದಾಗಿ ಮೇಲೆ ಬಂತು. ಬುಡದ ತನಕ ಬಿಡಿಸಿದ ಮೇಲೆ ತಾನಾಗೇ ಕೈಗೆ ಬಂತು. ಬಾಟಲಿಯನ್ನು ಎಂದೂ ಕತ್ತು ಹಿಡಿದು ಎಳೆಯಬೇಡಿ. ಮಣ್ಣು ಬಿಟ್ಟುಕೊಟ್ಟಾಗ ಎತ್ತಿಕೊಳ್ಳಬೇಕು.

ಗುಂಡಿಯ ವಿಷಯದಲ್ಲಿ ನಾನು ಹೇಳುವುದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದು ಘನ ಮೀಟರ್ ಮಣ್ಣು ಸುಮಾರು ಒಂದೂವರೆ ಟನ್ ತೂಗುತ್ತದೆ. ತಿಪ್ಪೆಯ ಮಣ್ಣು ಗಟ್ಟಿ ನೆಲವಲ್ಲ, ಬೂದಿ ಒಣ ಮರಳಿನ ಹಾಗೆ ಜಾರುತ್ತದೆ. ಒಳ್ಳೆಯ ಪದರ ಸಿಕ್ಕಾಗ ಅದರ ಹಿಂದೆ ಗುಹೆಯ ಹಾಗೆ ತೋಡುತ್ತಾ ಹೋಗುವ ಆಸೆ ಬರುತ್ತದೆ. ಬೇಡ. ಒಮ್ಮೆ ನನ್ನ ಮೊಣಕಾಲಿನ ತನಕ ಗೋಡೆ ಕುಸಿದಿತ್ತು. ಮೊಣಕಾಲಷ್ಟೇ, ಆದರೂ ಸ್ವಂತ ಬಲದಿಂದ ಕಾಲು ಎತ್ತಲು ಆಗಲಿಲ್ಲ. ಜೊತೆಗಿದ್ದವನು ಹದಿನೈದು ನಿಮಿಷ ಮಣ್ಣು ತೋಡಿ ಬಿಡಿಸಿದ. ಎದೆ ತನಕ ಆಗಿದ್ದರೆ ಉಸಿರಾಡಲು ಆಗುತ್ತಿರಲಿಲ್ಲ. ಆಮೇಲಿಂದ ನನ್ನ ನಿಯಮ ಇಷ್ಟು: ಒಬ್ಬನೇ ಹೋಗುವುದಿಲ್ಲ, ಸೊಂಟಕ್ಕಿಂತ ಆಳ ಹೋಗುವುದಿಲ್ಲ, ಹೋಗಲೇಬೇಕಾದರೆ ಗೋಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ಸರಿಸುತ್ತೇನೆ. ತೆಗೆದ ಮಣ್ಣನ್ನು ಅಂಚಿನಿಂದ ಕನಿಷ್ಠ ಎರಡಡಿ ದೂರ ಹಾಕುತ್ತೇನೆ, ಮಳೆ ಬಂದ ಮರುದಿನ ಗುಂಡಿಗೆ ಇಳಿಯುವುದಿಲ್ಲ.

ಬಿರಡೆ ಭದ್ರವಾಗಿದ್ದು ಒಳಗೆ ದ್ರವ ಇರುವ ಬಾಟಲಿ ಸಿಕ್ಕರೆ ತೆರೆಯಬೇಡಿ, ಮೂಸಬೇಡಿ, ಅಲ್ಲಾಡಿಸಬೇಡಿ. ಹಳೇ ಔಷಧಿ, ಕೀಟನಾಶಕಗಳಲ್ಲಿ ಆರ್ಸೆನಿಕ್, ಪಾದರಸ, ಸ್ಟ್ರಿಕ್ನಿನ್‌ನಂಥ ವಿಷ ಎಲ್ಲ ಇರುತ್ತಿದ್ದವು. ಬೆಂಕಿಗೆ ಎಸೆದು ಆರಿಸಲು ಗೋಡೆಗೆ ತೂಗುಹಾಕುತ್ತಿದ್ದ ದುಂಡನೆಯ ಗಾಜಿನ ಬುರುಡೆಗಳೂ ಸಿಗುತ್ತವೆ. ಮೊದಮೊದಲು ಅವುಗಳಲ್ಲಿ ಉಪ್ಪುನೀರು ಇರುತ್ತಿತ್ತು, ಆಮೇಲಿನವುಗಳಲ್ಲಿ ಕಾರ್ಬನ್ ಟೆಟ್ರಾಕ್ಲೋರೈಡ್, ಅದು ವಿಷ. ಬೂದು ಬಣ್ಣದ, ನಾರುನಾರಾದ ಹಲಗೆ ತುಂಡು ಬಂದರೆ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಕೆದಕದೆ ಮುಚ್ಚಿ ಬೇರೆ ಕಡೆ ಹೋಗಿ.

ಮನೆಗೆ ತಂದ ಮೇಲೆ ಅವಸರ ಮಾಡಬೇಡಿ. ತಂಪು ಮಣ್ಣಿಂದ ಬಂದ ಗಾಜನ್ನು ಬಿಸಿಲಲ್ಲಿ ಇಟ್ಟರೆ, ಬಿಸಿನೀರಿಗೆ ಹಾಕಿದರೆ ಬಿರುಕು ಬಿಡಬಹುದು. ನೆರಳಲ್ಲಿ ಅರ್ಧ ದಿನ ಬಿಡಿ. ಆಮೇಲೆ ಸಾಧಾರಣ ನೀರಿಗೆ ಪಾತ್ರೆ ತೊಳೆಯುವ ಸೋಪು ಹಾಕಿ ಎರಡು ದಿನ ನೆನೆಸಿ. ಬ್ರಷ್ ಹೋಗದ ಮೂಲೆಗೆ ಸ್ವಲ್ಪ ಅಕ್ಕಿ, ನೀರು ಹಾಕಿ ಕುಲುಕಿ. ಮರಳು ಬೇಡ, ಗೀಚು ಬೀಳುತ್ತದೆ. ಸುಣ್ಣದ ಬಿಳಿ ಕಲೆಗೆ ವಿನೆಗರ್ ಸಾಕು. ತುಕ್ಕಿನ ಕಲೆಗೆ ಆಕ್ಸಾಲಿಕ್ ಆಮ್ಲ ಬಳಸುವವರಿದ್ದಾರೆ. ಅದು ವಿಷ, ಕೈಗವಸು ಹಾಕಿ, ಮಕ್ಕಳಿಂದ ದೂರ ಇಡಿ. ಹೈಡ್ರೋಫ್ಲೋರಿಕ್ ಆಮ್ಲದ ಮಾತು ಯಾರಾದರೂ ಎತ್ತಿದರೆ ಕಿವಿಗೆ ಹಾಕಿಕೊಳ್ಳಬೇಡಿ, ಚರ್ಮದೊಳಗೆ ಇಳಿದು ಮೂಳೆಯನ್ನೇ ತಿನ್ನುವ ಆಮ್ಲ ಅದು. ಎಷ್ಟು ತೊಳೆದರೂ ಹೋಗದ ಮಂಜಿನಂಥ ಮಬ್ಬು, ಕಾಮನಬಿಲ್ಲಿನಂಥ ಹೊಳಪು ಕೊಳೆಯಲ್ಲ. ಮಣ್ಣಿನ ತೇವ ಗಾಜಿನ ಮೇಲ್ಮೈಯಿಂದ ಕ್ಷಾರವನ್ನು ಎಳೆದುಕೊಂಡ ಗುರುತು ಅದು. ನಾನು ಅದನ್ನು ಹಾಗೇ ಬಿಡುತ್ತೇನೆ. ನನ್ನ ಕಣ್ಣಿಗೆ ಅದೇ ಚೆಂದ.

ಹೊರಡುವ ಮುಂಚೆ ಗುಂಡಿ ಮುಚ್ಚಲೇಬೇಕು. ಬೇಡದ ಚೂರು ಎಲ್ಲ ತಳಕ್ಕೆ, ಅದರ ಮೇಲೆ ಬೂದಿ, ಮಣ್ಣು, ತುಳಿದು ಗಟ್ಟಿ ಮಾಡಿ ಕೊನೆಗೆ ಹುಲ್ಲುಪದರ. ದನವೋ ಮಗುವೋ ಕಾಲಿಟ್ಟರೆ ಒಂದು ಚೂರೂ ತಗುಲಬಾರದು. ಒಬ್ಬರು ಗುಂಡಿ ಹಾಗೇ ಬಿಟ್ಟು ಹೋದರೆ ಆ ಮಾಲೀಕರು ಮುಂದೆ ಯಾರಿಗೂ ಅನುಮತಿ ಕೊಡುವುದಿಲ್ಲ.

ಹೋದ ವಾರದ ಆ ಬಕೆಟ್ಟಿಗೆ ಬರುತ್ತೇನೆ. ಚೂರುಗಳನ್ನೆಲ್ಲ ತೊಳೆದು ಹಳೇ ಬೆಡ್‌ಶೀಟಿನ ಮೇಲೆ ಹರಡಿದೆ. ಬಾಯಿಚೂರು ಏಳು ಇದ್ದವು. ಏಳರಲ್ಲೂ ಗೆರೆ ಕತ್ತಿನಲ್ಲೇ ನಿಂತಿದೆ, ಒಂದರಲ್ಲೂ ಅಂಚಿನ ತನಕ ಹೋಗಿಲ್ಲ. ಅಂದರೆ ಯಂತ್ರ ಬರುವ ಮುಂಚಿನ ಪದರ. ಕಲ್ಲುಮಣ್ಣಿನ ಬಾಟಲಿಯ ಎರಡು ತುಂಡು ಒಂದಕ್ಕೊಂದು ಸರಿಯಾಗಿ ಕೂತವು. ಮೊದಲನೆಯದು ಗುಂಡಿಯ ಮಧ್ಯದಲ್ಲಿ ಸಿಕ್ಕಿದ್ದು, ಎರಡನೆಯದು ಅದರಿಂದ ಒಂದು ಮೊಳ ಎಡಕ್ಕೆ, ಅದಕ್ಕಿಂತ ಅಂಗೈ ಅಗಲದಷ್ಟು ಆಳದಲ್ಲಿ. ಗೋಡೆಯ ಬೂದಿಪಟ್ಟೆಯೂ ಎಡಕ್ಕೇ ಇಳಿದಿತ್ತು. ಗೆಳೆಯ ಈಗ ದಿನಾ ಫೋನ್ ಮಾಡಿ "ಯಾವಾಗ ಹೋಗೋಣ" ಅಂತ ಕೇಳುತ್ತಿದ್ದಾನೆ. ಬರುವ ಭಾನುವಾರ ಮಳೆ ಇಲ್ಲದಿದ್ದರೆ ಎಡಕ್ಕೆ ನಾಲ್ಕು ಹೆಜ್ಜೆ ಇಟ್ಟು, ಇಳಿಜಾರಿನ ಬುಡದಿಂದ ಶುರು ಮಾಡುತ್ತೇವೆ.